ಹನ್ನೆರಡನೇ ಪುಟದ ತಾತ

ಶ್ರೀನಗರ

ನಾನು ಮಾಡಿದ ಒಂದು ತಪ್ಪನ್ನು ಮೆಚ್ಚಿಕೊಂಡು ಜರ್ಮನಿಯವರು ನನಗೆ ವಿಮಾನದ ಟಿಕೆಟ್ ಕಳಿಸಿದರು. ಅದು ತಪ್ಪು ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋದೆ. ಆ ತಪ್ಪಿನ ಫಲವನ್ನು ನಲವತ್ತು ವರ್ಷ ಅನುಭವಿಸಿದವರು ಇಲ್ಲೇ, ಶ್ರೀನಗರದ ನಮ್ಮ ಮನೆಯಿಂದ ಎರಡು ಬಸ್ಸಿನ ದೂರದಲ್ಲಿ ಇದ್ದರು. ಪ್ರವಾಸದ ಬಗ್ಗೆ ಬರೆಯಲು ಕೂತಾಗ ಮೊದಲು ಇದನ್ನು ಹೇಳಿಬಿಡೋಣ ಅನ್ನಿಸಿತು. ಅಲ್ಲಿನ ಹಿಮ, ಚರ್ಚು, ನದಿಗಳ ಬಗ್ಗೆ ನೋಡಿಬಂದವರು ಬೇಕಾದಷ್ಟು ಬರೆದಿದ್ದಾರೆ.

ನಾನು ಓದಿದ್ದು ಎಸ್‌ಎಸ್‌ಎಲ್‌ಸಿವರೆಗೆ. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಕೆಲಸ ಮಾಡಿ ನಿವೃತ್ತನಾದೆ. ಪುಸ್ತಕವನ್ನು ಒಂದೊಂದೇ ಪುಟವಾಗಿ ಅಚ್ಚು ಹಾಕುವುದಿಲ್ಲ. ದೊಡ್ಡ ಹಾಳೆಯ ಒಂದು ಬದಿಗೆ ಎಂಟು ಪುಟ, ಇನ್ನೊಂದು ಬದಿಗೆ ಎಂಟು ಪುಟ. ಆ ಹಾಳೆಯನ್ನು ಮೂರು ಸಲ ಮಡಿಸಿ ಅಂಚು ಕತ್ತರಿಸಿದರೆ ಹದಿನಾರು ಪುಟಗಳು ಒಂದರ ಹಿಂದೆ ಒಂದು ಬರಬೇಕು. ಹಾಗೆ ಬರಬೇಕಾದರೆ ಹಾಳೆಯ ಮೇಲೆ ಅವು ಅಡ್ಡಾದಿಡ್ಡಿಯಾಗಿ ಕೂತಿರಬೇಕು. ಒಂದರ ಪಕ್ಕದಲ್ಲಿ ಹದಿನಾರು, ನಾಲ್ಕರ ಪಕ್ಕದಲ್ಲಿ ಹದಿಮೂರು, ಐದರ ಪಕ್ಕದಲ್ಲಿ ಹನ್ನೆರಡು. ಪಕ್ಕದ ಎರಡನ್ನು ಕೂಡಿದರೆ ಯಾವಾಗಲೂ ಹದಿನೇಳು. ಕೆಳಗೆ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಪುಟಗಳ ಫಿಲ್ಮನ್ನು ಈ ಲೆಕ್ಕದಲ್ಲಿ ಅಂಟಿಸುವುದು ನನ್ನ ಕೆಲಸವಾಗಿತ್ತು. ಎಲ್ಲರೂ ಮೊದಲು ರದ್ದಿ ಕಾಗದವನ್ನು ಮಡಿಸಿ, ನಂಬರು ಹಾಕಿ, ಬಿಚ್ಚಿ ನೋಡಿಕೊಂಡು ಅಂಟಿಸುತ್ತಿದ್ದರು. ನಾನು ಮಡಿಸುತ್ತಿರಲಿಲ್ಲ. ಹದಿನೇಳರ ಲೆಕ್ಕ ನನ್ನ ತಲೆಯಲ್ಲೇ ಇದೆ ಎಂಬ ಜಂಬ.

ಹೋದ ವರ್ಷ ಒಂದು ಪತ್ರ ಬಂತು. ಬರೆದವರು ಮಾರ್ಲೀನ್ ಎಂಬ ಹೆಂಗಸು. ಜರ್ಮನಿಯ ಒಂದು ಹಳೆಯ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಚಿತ್ರಪುಸ್ತಕಗಳ ಬಗ್ಗೆ ಸಂಶೋಧನೆ ಮಾಡುವವರು. ಅದಕ್ಕಾಗಿ ಕನ್ನಡವನ್ನೂ ಕಲಿತಿದ್ದರು. ಪತ್ರದ ಕನ್ನಡ ನಮ್ಮ ಹೈಸ್ಕೂಲಿನ ಪಂಡಿತರ ಕನ್ನಡದಂತಿತ್ತು. ‘ಗೇಟಿನ ಹತ್ತಿರ’ ಎಂಬ ಕೃತಿಯ ಪುಟಜೋಡಣೆ ಮಾಡಿದ ಮಹನೀಯರು ತಾವೇ ಎಂದು ತಿಳಿದು ಹರ್ಷವಾಯಿತು, ತಮ್ಮ ವಿಳಾಸವು ಒಬ್ಬರಿಂದ ದೊರೆಯಿತು, ಆ ಕೃತಿಯ ಪುಟಕ್ರಮದ ಕುರಿತು ನಾವು ಹತ್ತು ವರ್ಷಗಳಿಂದ ಚರ್ಚಿಸುತ್ತಿದ್ದೇವೆ, ತಾವು ಬಂದು ಮಾತನಾಡಬೇಕು ಎಂದೆಲ್ಲ ಬರೆದಿದ್ದರು.

ವಿಳಾಸ ಕೊಟ್ಟ ಆ ‘ಒಬ್ಬರು’ ಯಾರು ಎಂದು ನಾನು ಕೇಳಲಿಲ್ಲ. ನಮ್ಮ ಪ್ರೆಸ್ಸಿನ ಯಜಮಾನರ ಮನೆಯವರು ಇರಬೇಕು ಅಂದುಕೊಂಡೆ. ಯಜಮಾನರಿಗೆ ಪುಸ್ತಕದ ಹಿಂದಿನ ರಕ್ಷಾಪುಟದಲ್ಲಿ ಕೆಲಸಗಾರರ ಹೆಸರನ್ನೆಲ್ಲ ಹಾಕುವ ಅಭ್ಯಾಸವಿತ್ತು. ‘ಪುಟಜೋಡಣೆ: ರಾಮಚಂದ್ರ’ ಎಂದು ಎಷ್ಟೋ ಪುಸ್ತಕಗಳಲ್ಲಿ ಇದೆ.

‘ಗೇಟಿನ ಹತ್ತಿರ’ ಚಿತ್ರಗಳೇ ತುಂಬಿದ ಪುಸ್ತಕ. ಒಳಗೆ ಒಂದಕ್ಷರವಿಲ್ಲ, ಪುಟದ ನಂಬರೂ ಇಲ್ಲ. ಒಬ್ಬ ತಾತ ದಿನಾ ಗೇಟಿನ ಹತ್ತಿರ ಮೂರು ಕಾಲಿನ ಸ್ಟೂಲು ಹಾಕಿಕೊಂಡು, ಸ್ಕೂಲಿನಿಂದ ಬರುವ ಹುಡುಗಿಗಾಗಿ ಕಾಯುತ್ತಾನೆ. ಅವಳು ಬಂದು ಬ್ಯಾಗು ಕೊಟ್ಟು ಕುಂಟಾಬಿಲ್ಲೆ ಆಡುತ್ತಾಳೆ. ಕೊನೆಯ ಪುಟದಲ್ಲಿ ಸ್ಟೂಲಿನ ಮೇಲೆ ಅವಳೇ ಕೂತಿದ್ದಾಳೆ. ಬರೆದವರು ಜಯನಗರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದ ವಿಶಾಲಾಕ್ಷಿ. ಪ್ರೆಸ್ಸಿನಲ್ಲಿ ನಾವೆಲ್ಲ ಅವರನ್ನು ಟೀಚರಮ್ಮ ಎನ್ನುತ್ತಿದ್ದೆವು.

ಪತ್ರವನ್ನು ನನ್ನ ಹೆಂಡತಿ ಸುಶೀಲೆಗೆ ಓದಿ ಹೇಳಿದೆ.

“ಅಲ್ರೀ, ಮಾತೇ ಇಲ್ದಿರೋ ಪುಸ್ತಕದ ಬಗ್ಗೆ ಹತ್ತು ವರ್ಷ ಏನ್ ಮಾತಾಡಿದ್ರಂತೆ?”

“ಗೊತ್ತಿಲ್ಲ.”

“ನೀವ್ ಹೋಗಿ ಏನ್ ಮಾತಾಡ್ತೀರಿ?”

“ಅದೂ ಗೊತ್ತಿಲ್ಲ ಕಣೇ.”

“ಈ ಮಂಡಿ ನೋವೊಂದು ಇಲ್ದಿದ್ರೆ ನಾನೂ ಬರ್ತಿದ್ದೆ. ನೀವು ಬಾಯಿ ಬಿಡೋದನ್ನ ನೋಡೋಕಾದ್ರೂ.”

ಮೊದಲ ದಿನ: ಕಿಟಕಿ

ವಿಮಾನ ನಿಲ್ದಾಣದಲ್ಲಿ ಮಾರ್ಲೀನ್ ನನ್ನ ಹೆಸರನ್ನು ದುಂಡಗೆ ಕನ್ನಡದಲ್ಲಿ ಬರೆದ ಹಲಗೆ ಹಿಡಿದು ನಿಂತಿದ್ದರು. ಐವತ್ತರ ಹತ್ತಿರದ, ಎತ್ತರದ ಹೆಂಗಸು. ಕೈ ಮುಗಿದು, “ತಮ್ಮ ಪ್ರಯಾಣವು ಸುಖಕರವಾಗಿತ್ತೇ?” ಎಂದರು.

ನನಗೆ ಗಾಬರಿಯಾಗಿ, “ಸುಖಕರವಾಗಿತ್ತು ತಾಯೀ, ತಾವು ಕ್ಷೇಮವೇ?” ಅಂದುಬಿಟ್ಟೆ. ಒಮ್ಮೆ ಹಾಗೆ ಶುರು ಮಾಡಿದ ಮೇಲೆ ಬಿಡಲು ಬರಲಿಲ್ಲ. ಸಂಜೆ ಫೋನಿನಲ್ಲಿ ಸುಶೀಲೆಗೆ, “ಭೋಜನವಾಯಿತು” ಎಂದಾಗ ಅವಳು, “ಯಾಕ್ರೀ, ಜ್ವರ ಗಿರ ಬಂದಿದ್ಯಾ?” ಎಂದು ಕೇಳಿದಳು.

ನನಗೆ ಕೊಟ್ಟಿದ್ದ ಕೋಣೆ ಮೂರನೇ ಮಹಡಿಯಲ್ಲಿತ್ತು. ಮಾರ್ಲೀನ್ ನನ್ನನ್ನು ಬಿಟ್ಟು, ಅರ್ಧ ಗಂಟೆಯಲ್ಲಿ ಬರುತ್ತೇನೆಂದು ಹೋದರು. ಸ್ವಲ್ಪ ಗಾಳಿ ಬರಲಿ ಎಂದು ಕಿಟಕಿಯ ಹಿಡಿಯನ್ನು ಮೇಲಕ್ಕೆ ತಿರುಗಿಸಿದೆ. ಇಡೀ ಕಿಟಕಿ, ಚೌಕಟ್ಟು ಗಾಜು ಸಮೇತ, ಮೇಲಿನಿಂದ ಕಳಚಿಕೊಂಡು ನನ್ನ ಕಡೆಗೆ ವಾಲಿತು. ಎರಡು ಕೈಯಿಂದಲೂ ತಡೆದು ಹಿಡಿದೆ. ಬಿಟ್ಟರೆ ನನ್ನ ಮೇಲೆ ಬೀಳುತ್ತದೆ. ಕೂಗೋಣವೆಂದರೆ ಯಾವ ಭಾಷೆಯಲ್ಲಿ ಕೂಗುವುದು? ಹಾಗೇ ನಿಂತೆ. ತೋಳು ನಡುಗಲು ಶುರುವಾಯಿತು. ಮಾರ್ಲೀನ್ ಬಂದು ಬಾಗಿಲು ತಟ್ಟಿದಾಗ ಒಳಗಿನಿಂದಲೇ, “ಕ್ಷಮಿಸಬೇಕು! ಕಿಟಕಿ ಮುರಿದೆ! ನಾನೇ ಮುರಿದದ್ದು!” ಎಂದು ಕೂಗಿದೆ.

ಅವರು ಬಂದು ನೋಡಿ, ನನ್ನ ಕೈಗಳನ್ನು ಮೆಲ್ಲಗೆ ಬಿಡಿಸಿದರು. ಕಿಟಕಿ ಬೀಳಲಿಲ್ಲ. ಅಲ್ಲಿನ ಕಿಟಕಿಗಳು ಇರುವುದೇ ಹಾಗಂತೆ, ಹಿಡಿಯನ್ನು ಅಡ್ಡ ತಿರುಗಿಸಿದರೆ ಬಾಗಿಲಿನಂತೆ ತೆರೆಯುತ್ತವೆ, ಮೇಲಕ್ಕೆ ತಿರುಗಿಸಿದರೆ ಗಾಳಿಗಾಗಿ ಮೇಲಿಂದ ವಾಲಿಕೊಳ್ಳುತ್ತವೆ. ಅವರು ನಗಲಿಲ್ಲ, ಕೆಟಲ್ಲಿನಲ್ಲಿ ನೀರು ಕಾಯಿಸಿ ಚಹಾ ಕೊಟ್ಟರು. ಚಹಾ ಕುಡಿಯುತ್ತಾ ನನಗೆ ಒಂದು ವಿಷಯ ಹೊಳೆಯಿತು. ಮುರಿಯದೇ ಇದ್ದ ಕಿಟಕಿಯನ್ನು ಮುರಿದೆನೆಂದು ಅರೆಕ್ಷಣದಲ್ಲಿ ಒಪ್ಪಿಕೊಂಡಿದ್ದೆ. ಮಾಡಿದ್ದನ್ನು ಒಪ್ಪಿಕೊಳ್ಳಲು ಮಾತ್ರ ನಲವತ್ತು ವರ್ಷವಾದರೂ ಬಾಯಿ ಬಂದಿರಲಿಲ್ಲ.

ಅದನ್ನು ಇಲ್ಲಿ ಬರೆಯುತ್ತೇನೆ. ‘ಗೇಟಿನ ಹತ್ತಿರ’ದ ಫಿಲ್ಮು ಅಂಟಿಸಿದ ದಿನ ಐದನೇ ಪುಟದ ಜಾಗಕ್ಕೆ ಹನ್ನೆರಡನ್ನು, ಹನ್ನೆರಡರ ಜಾಗಕ್ಕೆ ಐದನ್ನು ಅಂಟಿಸಿದೆ. ಅಕ್ಕಪಕ್ಕದ ಜಾಗಗಳು, ಎಡಕ್ಕೆ ಹೋಗಬೇಕಾದ್ದು ಬಲಕ್ಕೆ ಹೋಯಿತು. ಅಕ್ಷರವಿರುವ ಪುಸ್ತಕವಾಗಿದ್ದರೆ ಮಡಿಸುವವರಿಗಾದರೂ ಗೊತ್ತಾಗುತ್ತಿತ್ತು. ಇಲ್ಲಿ ನಂಬರೂ ಇರಲಿಲ್ಲ. ಅಚ್ಚಾಯಿತು, ಬೈಂಡಾಯಿತು, ಟೀಚರಮ್ಮನಿಗೆ ಐದು ಪ್ರತಿ ಹೋಯಿತು.

ಮಾರನೆಯ ದಿನ ಅವರು ಪುಸ್ತಕ ಹಿಡಿದು ಓಡಿಬಂದರು. ಯಜಮಾನರು ಬ್ಯಾಂಕಿಗೆ ಹೋಗಿದ್ದರು. “ಬರ್ತಾರೆ, ಕೂತಿರಿ ಟೀಚರಮ್ಮ” ಎಂದು ಹೊರಗಿನ ಬೆಂಚಿನ ಮೇಲೆ ಕೂರಿಸಿದೆ. ಅವರು ಅಲ್ಲಿ ಕೂತಿದ್ದಾಗ ನಾನು ಒಳಗೆ ಹೋಗಿ ಅವರ ಮೂಲ ಚಿತ್ರಗಳ ಕಟ್ಟು ಬಿಚ್ಚಿದೆ. ಪ್ರತಿ ಚಿತ್ರದ ಬೆನ್ನಿಗೂ ಅವರೇ ಪೆನ್ಸಿಲಿನಲ್ಲಿ ನಂಬರು ಹಾಕಿದ್ದರು. ರಬ್ಬರಿನಲ್ಲಿ ಎರಡು ನಂಬರು ಅಳಿಸಿ, ಐದಿದ್ದ ಕಡೆ ಹನ್ನೆರಡು, ಹನ್ನೆರಡಿದ್ದ ಕಡೆ ಐದು ಎಂದು ಬರೆದೆ.

ಯಜಮಾನರು ಬಂದು ಕಟ್ಟು ತರಿಸಿ ನೋಡಿದರು. “ನೋಡಮ್ಮಾ, ನಿಮ್ಮ ನಂಬರೇ ಹೀಗಿದೆ. ನಮ್ಮ ರಾಮಚಂದ್ರನ ಕೈಯಲ್ಲಿ ಇವತ್ತಿನವರೆಗೆ ಒಂದು ಪುಟ ತಪ್ಪಿಲ್ಲ.”

ಟೀಚರಮ್ಮ ಆ ನಂಬರುಗಳನ್ನು ನೋಡಿದರು. ಅವರು ಬರೆಯುವ ಎರಡಕ್ಕೆ ಮೇಲಕ್ಕೆ ಬಾಗಿದ ಬಾಲವಿರುತ್ತಿತ್ತು. ನನ್ನ ಎರಡಕ್ಕೆ ಇರಲಿಲ್ಲ. ಅವರು ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಪುಸ್ತಕದ ಹನ್ನೆರಡನೇ ಪುಟ ತೆಗೆದು, ಸ್ಟೂಲಿನ ಮೇಲೆ ಕೂತ ತಾತನ ಮೇಲೆ ಬೆರಳಿಟ್ಟು, “ಇವರು ಇಲ್ಲಿ ಬರೋ ಹಾಗಿಲ್ಲ” ಎಂದರು. ಚಿತ್ರದ ತಾತನಿಗೆ ‘ಇವರು’ ಎಂದದ್ದು ನನ್ನ ಕಿವಿಯಲ್ಲಿ ಉಳಿದಿದೆ.

“ಮಕ್ಕಳ ಪುಸ್ತಕ ತಾನೇ ಬಿಡಿ, ತಾತ ಎಲ್ಲಿದ್ರೇನು” ಎಂದರು ಯಜಮಾನರು. ಆಕೆ ಬರೆದಿಟ್ಟಿದ್ದ, ನಾವೇ ಅಚ್ಚು ಹಾಕುತ್ತೇವೆಂದಿದ್ದ ಇನ್ನೆರಡು ಚಿತ್ರಪುಸ್ತಕಗಳ ಮಾತು ಆಮೇಲೆ ಏಳಲಿಲ್ಲ. ಟೀಚರಮ್ಮ ಪ್ರೆಸ್ಸಿನ ಮೆಟ್ಟಿಲು ಮತ್ತೆ ಹತ್ತಲಿಲ್ಲ. ನನಗೆ ಕೆಲಸ ಹೋಗುವ ಭಯವೇನೂ ಇರಲಿಲ್ಲ. ಯಜಮಾನರು ಬೈದು ಬಿಡುತ್ತಿದ್ದರು, ಅಷ್ಟೇ. ‘ರಾಮಚಂದ್ರನ ಕೈಯಲ್ಲಿ ಒಂದು ಪುಟ ತಪ್ಪಿಲ್ಲ’ ಎಂಬ ಆ ಒಂದು ಮಾತನ್ನು ಉಳಿಸಿಕೊಳ್ಳಲು ಹಾಗೆ ಮಾಡಿದೆ.

ಎರಡನೆಯ ದಿನ: ದಿಂಬಿನ ಮೇಲಿನ ಪುಸ್ತಕ

ಗ್ರಂಥಾಲಯದಲ್ಲಿ ಕೈ ತೊಳೆದು ಒರೆಸಿಕೊಂಡು ಬರಲು ಹೇಳಿದರು. ಊಟಕ್ಕೇನೋ ಅಂದುಕೊಂಡೆ. ಒಳಗೆ ಉದ್ದನೆಯ ಮೇಜಿನ ಮೇಲೆ ಬೂದು ಬಣ್ಣದ ಸಣ್ಣ ದಿಂಬಿತ್ತು. ದಿಂಬಿನ ಮೇಲೆ ‘ಗೇಟಿನ ಹತ್ತಿರ’ ಮಲಗಿತ್ತು. ನಮ್ಮ ಪ್ರೆಸ್ಸಿನಲ್ಲಿ ಇದೇ ಪುಸ್ತಕದ ಕಟ್ಟುಗಳನ್ನು ಕಾಲಿನಿಂದ ಗೋಡೆಗೆ ತಳ್ಳಿ, ಅವುಗಳ ಮೇಲೆ ಕೂತು ತಿಂಡಿ ತಿಂದವನು ನಾನು. ಆ ದಿಂಬು ನೋಡಿ ಎಲ್ಲಿ ಕೂರಬೇಕೋ ತಿಳಿಯಲಿಲ್ಲ.

ಹತ್ತು ಹನ್ನೆರಡು ಜನ ಬಂದರು. ಎಲ್ಲರೂ ದೊಡ್ಡವರು, ಅರ್ಧ ಜನಕ್ಕೆ ತಲೆ ನೆರೆತಿತ್ತು. ಚಿತ್ರಪುಸ್ತಕ ಓದುವುದೇ ಇವರ ಕೆಲಸ. ಒಂದು ಪುಟ ತೆರೆದರೆ ಮುಕ್ಕಾಲು ಗಂಟೆ ಮುಂದಿನದಕ್ಕೆ ಹೋಗುವುದಿಲ್ಲ. ಹುಡುಗಿ ಯಾವ ಕಡೆ ಮುಖ ಮಾಡಿದ್ದಾಳೆ, ಗೇಟು ಪುಟದ ಎಡಕ್ಕೆ ಏಕಿದೆ, ಪುಟ ತಿರುಗಿಸುವ ಮೊದಲು ಓದುವ ಮಗುವಿನ ಮನಸ್ಸಿನಲ್ಲಿ ಏನಿರುತ್ತದೆ, ತಿರುಗಿಸಿದ ಮೇಲೆ ಏನಾಗುತ್ತದೆ. ಎರಡು ಪುಟಗಳ ನಡುವಿನ ಮಡಿಕೆಯ ಬಗ್ಗೆ ಒಬ್ಬರು ದಪ್ಪನೆಯ ಪುಸ್ತಕವನ್ನೇ ಬರೆದಿದ್ದಾರಂತೆ. ಅವರನ್ನು ಪರಿಚಯ ಮಾಡಿಸಿದಾಗ, ಮಡಿಕೆ ಎಂದರೆ ಬೈಂಡಿಂಗಿಗೆ ಒಂದಿಷ್ಟು ಜಾಗ ಬಿಡುವುದು ತಾನೇ ಎಂದೆ. ಮಾರ್ಲೀನ್ ಅದನ್ನು ಜರ್ಮನ್ನಿನಲ್ಲಿ ಹೇಳಿದರು. ಅವರು ಅದನ್ನು ಬರೆದುಕೊಂಡರು! ನನಗೆ ನಗಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

ಹತ್ತನೇ ಪುಟಕ್ಕೆ ಬಂದರು. ಅದರಲ್ಲಿ ಗೇಟಿನ ಮುಂದೆ ರಾಶಿ ಚಪ್ಪಲಿಗಳಿವೆ. ಪಕ್ಕದಲ್ಲಿ ಒಂದು ಮಡಕೆಯಿಂದ ಹೊಗೆ ಏಳುತ್ತಿದೆ. ಮಾರ್ಲೀನ್ ಉತ್ಸಾಹದಿಂದ ನನಗೆ ವಿವರಿಸಿದರು: “ಗೃಹದಲ್ಲಿ ಔತಣಕೂಟವಿದೆ. ಅತಿಥಿಗಳು ಬಂದಿದ್ದಾರೆ. ಹೊರಗೆ ಅಡಿಗೆಯಾಗುತ್ತಿದೆ. ತಾತನು ಆ ಗಡಿಬಿಡಿಯಲ್ಲಿ ಕಾಣುವುದಿಲ್ಲ. ಹನ್ನೆರಡರಲ್ಲಿ ಮರಳಿ ಬರುತ್ತಾನೆ.”

ನಮ್ಮಲ್ಲಿ ಮನೆಯ ಮುಂದೆ ಅಷ್ಟು ಚಪ್ಪಲಿ ಬಿಟ್ಟಿದ್ದು, ಮಡಕೆಯಲ್ಲಿ ಬೆಂಕಿ ಹೊಗೆಯಾಡುತ್ತಿದ್ದರೆ ದಾರಿಯಲ್ಲಿ ಹೋಗುವವರು ದನಿ ತಗ್ಗಿಸುತ್ತಾರೆ. ಇವರು ಆ ಪುಟ ನೋಡಿ ಹತ್ತು ವರ್ಷ ಸಂತೋಷಪಟ್ಟಿದ್ದಾರೆ. ಬಾಯಿ ತೆರೆದೆ. ಹನ್ನೆರಡು ಮುಖಗಳು ನನ್ನ ಕಡೆ ತಿರುಗಿದವು. “ನೀರು ಸಿಗಬಹುದೇ?” ಎಂದೆ.

ಮಧ್ಯಾಹ್ನ ಮಾರ್ಲೀನ್ ಒಂದು ಧ್ವನಿಮುದ್ರಣ ಕೇಳಿಸಿದರು. ಅಲ್ಲಿಯ ಶಾಲೆಯ ಪುಟ್ಟ ಮಕ್ಕಳ ಮುಂದೆ ಈ ಪುಸ್ತಕ ಇಟ್ಟು, ಅವರು ಏನೇನು ಹೇಳುತ್ತಾರೆ ಎಂದು ದಾಖಲೆ ಮಾಡಿದ್ದರು. ಮಕ್ಕಳು ಕಿಚಕಿಚ ಎನ್ನುತ್ತಿದ್ದರು. ಹನ್ನೆರಡನೇ ಪುಟಕ್ಕೆ ಬಂದಾಗ ಒಂದು ಮಗು ಜೋರಾಗಿ ಏನೋ ಕೇಳಿತು. ಮತ್ತೆ ಕೇಳಿತು. ಟೀಚರು ಮುಂದಿನ ಪುಟಕ್ಕೆ ಹೋದ ಮೇಲೂ ಅದನ್ನೇ ಕೇಳುತ್ತಿತ್ತು.

“ಏನು ಕೇಳುತ್ತಿದೆ?” ಎಂದೆ.

“‘ಗೆರೆ ಎಲ್ಲಿ ಹೋಯಿತು?’ ಎಂದು. ಎಂಟನೇ ಪುಟದಿಂದ ಹುಡುಗಿಯ ಉಡುಪಿನ ಕೆಳಭಾಗದಲ್ಲಿ ಒಂದು ಗೆರೆಯಿದೆ. ಹನ್ನೆರಡರಲ್ಲಿ ಮಾತ್ರ ಇಲ್ಲ. ನಮ್ಮಲ್ಲಿ ಅದಕ್ಕೆ ಹಲವು ಉತ್ತರಗಳಿವೆ” ಎಂದು ಮಾರ್ಲೀನ್ ನಕ್ಕರು.

ನನಗೆ ಒಂದೇ ಉತ್ತರ ಗೊತ್ತಿತ್ತು. ಅದನ್ನು ಹೇಳದೆ ಕೋಣೆಗೆ ಬಂದು ಸುಶೀಲೆ ಕಟ್ಟಿಕೊಟ್ಟಿದ್ದ ಅವಲಕ್ಕಿ ತಿಂದೆ.

ಮೂರನೆಯ ದಿನ: ಸಭೆ

ಸಭೆಗೆ ಐವತ್ತು ಜನ ಬಂದಿದ್ದರು. ಹಿಂದಿನ ಗೋಡೆಯ ಮೇಲೆ ಹನ್ನೆರಡನೇ ಪುಟದ ತಾತನನ್ನೂ ಅವನ ಮುಂದೆ ಆಡುವ ಹುಡುಗಿಯನ್ನೂ ಬಾಗಿಲಿನಷ್ಟು ದೊಡ್ಡದಾಗಿ ಮೂಡಿಸಿದ್ದರು. ಅವನ ಕಾಲ ಬಳಿ ನಾನು ಕೂತೆ.

ಮಾರ್ಲೀನ್ ಮೊದಲು ಮಾತಾಡಿದರು. ನನಗೂ ತಿಳಿಯಲೆಂದು ಅದನ್ನು ಕನ್ನಡದಲ್ಲಿ ಬರೆದು ಕೈಗೆ ಕೊಟ್ಟಿದ್ದರು. ಐದನೇ ಪುಟದಲ್ಲಿ ತಾತನಿಲ್ಲದ ಸ್ಟೂಲು, ಅದರ ಪಕ್ಕದಲ್ಲಿ ಒಂಟಿ ಸ್ಕೂಲ್ ಬ್ಯಾಗು, ಇದು ಮುಂದೆ ಬರುವ ಅಗಲಿಕೆಯ ಸೂಚನೆ. ಹನ್ನೆರಡರಲ್ಲಿ ತಾತ ಮರಳುತ್ತಾನೆ, ಏಕೆಂದರೆ ಮಗುವಿನ ನೆನಪಿನಲ್ಲಿ ಕಾಲವು ನೇರವಾಗಿ ಹರಿಯುವುದಿಲ್ಲ. ಪುಟಜೋಡಣೆಗಾರನ ಧೈರ್ಯ ಅಸಾಮಾನ್ಯವಾದುದು. ಓದುತ್ತಾ ಓದುತ್ತಾ, ಇವರು ಹೇಳುವುದೇ ನಿಜವೇನೋ, ನನ್ನ ಕೈ ನನಗೆ ಗೊತ್ತಿಲ್ಲದೆ ಏನೋ ದೊಡ್ಡದನ್ನು ಮಾಡಿತ್ತೇನೋ ಎಂಬ ಆಸೆ ಒಂದು ಕ್ಷಣ ಬಂತು. ಆ ಕ್ಷಣಕ್ಕೂ ನಾಚುತ್ತೇನೆ.

ನನ್ನ ಸರದಿ ಬಂತು. ಎದ್ದು ನಿಂತು, “ಅದು ತಪ್ಪು. ನಾನು ಎರಡು ಪುಟ ಅದಲುಬದಲು ಅಂಟಿಸಿದೆ” ಎಂದೆ.

ಮಾರ್ಲೀನ್ ನನ್ನ ಮುಖ ನೋಡಿದರು. ಆಮೇಲೆ ಜರ್ಮನ್ನಿನಲ್ಲಿ ಹೇಳತೊಡಗಿದರು. ನಾನು ಹೇಳಿದ್ದು ಎರಡು ವಾಕ್ಯ. ಅವರು ಮೂರು ನಿಮಿಷ ಹೇಳಿದರು. ಜನ ಜೋರಾಗಿ ಮೇಜು ಕುಟ್ಟಿದರು. ಅಲ್ಲಿ ಚಪ್ಪಾಳೆ ತಟ್ಟುವ ಬದಲು ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ನನ್ನನ್ನು ಬೈಯುತ್ತಿದ್ದಾರೆ ಎಂದುಕೊಂಡು ನಾನು ಕೈ ಮುಗಿದೆ. ಇನ್ನೂ ಜೋರಾಗಿ ಕುಟ್ಟಿದರು.

“ಏನು ಹೇಳಿದಿರಿ?” ಎಂದು ಪಿಸುಗುಟ್ಟಿದೆ.

“ತಾವು ಹೇಳಿದ್ದನ್ನೇ. ಅಲ್ಪ ವಿವರಣೆ ಸೇರಿಸಿದೆ. ಇವರಿಗೆ ಬಹಳ ಇಷ್ಟವಾಗಿದೆ.”

ನನಗೆ ಕೋಪ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಎದ್ದು ಹೋಗಿ ಗೋಡೆಯ ಮೇಲಿನ ಹುಡುಗಿಯ ಫ್ರಾಕಿನ ಅಂಚಿಗೆ ಬೆರಳಿಟ್ಟೆ. ಹೇಳಿದೆ: “ನಮ್ಮಲ್ಲಿ ಮಕ್ಕಳಿಗೆ ಫ್ರಾಕು ಹೊಲಿಸುವಾಗ ಕೆಳಗೆ ಅರ್ಧ ಗೇಣು ಬಟ್ಟೆ ಒಳಕ್ಕೆ ಮಡಿಸಿ ಹೊಲಿಸುತ್ತೇವೆ. ಮಗು ಉದ್ದವಾದಾಗ ಆ ಮಡಿಕೆ ಬಿಚ್ಚುತ್ತೇವೆ. ಮಡಿಕೆ ಇದ್ದ ಕಡೆ ಗೆರೆ ಉಳಿಯುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಎಂಟನೇ ಪುಟಕ್ಕೆ ಈ ಹುಡುಗಿ ಉದ್ದವಾಗಿದ್ದಾಳೆ. ಇಲ್ಲಿ ಗೆರೆ ಇಲ್ಲ, ಏಕೆಂದರೆ ಇದು ಮೊದಲಿನ ಚಿತ್ರ. ಐದನೆಯದು. ಆ ಮಗು ಕೇಳಿದ್ದು ಸರಿ. ಹತ್ತರಲ್ಲಿ ಇರುವುದು ಔತಣವಲ್ಲ. ತಾತ ತೀರಿಕೊಂಡಿದ್ದಾನೆ.”

ಈ ಸಲ ಮಾರ್ಲೀನ್ ಒಂದೊಂದೇ ವಾಕ್ಯವನ್ನು ಸಣ್ಣ ದನಿಯಲ್ಲಿ ಹೇಳಿದರು. ಯಾರೂ ಮೇಜು ಕುಟ್ಟಲಿಲ್ಲ. ಕೊನೆಗೆ ಮುಂದಿನ ಸಾಲಿನಲ್ಲಿ ಕಿವಿಗೆ ಯಂತ್ರ ಹಾಕಿಕೊಂಡಿದ್ದ ಮುದುಕರೊಬ್ಬರು ಒಂದು ಪ್ರಶ್ನೆ ಕೇಳಿದರು. ಮಾರ್ಲೀನ್ ಅದನ್ನು ನನಗೆ ಹೇಳಿದರು: “ಚಿತ್ರ ಬರೆದವರಿಗೆ ಇದು ತಿಳಿದಿತ್ತೇ? ಅವರು ಆಗ ಏನೆಂದರು?”

ಎಲ್ಲವನ್ನೂ ಹೇಳಬೇಕಾದ ಜಾಗ ಅದೇ ಆಗಿತ್ತು. ರಬ್ಬರು, ಪೆನ್ಸಿಲು, ಹೊರಗಿನ ಬೆಂಚು. “ನೆನಪಿಲ್ಲ” ಎಂದೆ.

ನಾಲ್ಕನೆಯ ದಿನ: ಕೆಂಪು ದೀಪ

ಬೆಳಿಗ್ಗೆ ಮಾರ್ಲೀನ್ ನನ್ನನ್ನು ರೈಲು ನಿಲ್ದಾಣಕ್ಕೆ ಕರೆದುಕೊಂಡು ಹೊರಟರು. ನಡೆದು ಹೋಗುವಷ್ಟೇ ದೂರ. ದಾರಿಯಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ಹತ್ತು ವರ್ಷದ ಕೆಲಸದ ಮೇಲೆ ನಾನು ನೀರು ಚೆಲ್ಲಿದ್ದೆ, ಏನು ಮಾತಾಡುತ್ತಾರೆ?

ಒಂದು ರಸ್ತೆ ದಾಟಬೇಕಿತ್ತು. ನಡೆಯುವವರ ದೀಪ ಕೆಂಪಿತ್ತು. ಎರಡೂ ಕಡೆ ಕಣ್ಣು ಹಾಯುವವರೆಗೆ ಒಂದು ಸೈಕಲ್ಲೂ ಇರಲಿಲ್ಲ. ಬನಶಂಕರಿ ಬಸ್ ಸ್ಟ್ಯಾಂಡಿನ ಮುಂದೆ ಕೈ ಅಡ್ಡ ಹಿಡಿದು ಬಸ್ಸುಗಳ ನಡುವೆಯೇ ನುಗ್ಗುವ ನಾನು, ಕಾಲು ಮುಂದಿಟ್ಟೇಬಿಟ್ಟೆ. ಹಿಂದಿನಿಂದ ಒಬ್ಬ ಅಜ್ಜಿ ಗಟ್ಟಿಯಾಗಿ ಗದರಿದರು. ಮಾರ್ಲೀನ್ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು.

“ಯಾರೂ ಇಲ್ಲವಲ್ಲ ತಾಯೀ.”

“ಮಕ್ಕಳು ಎಲ್ಲಿಂದಾದರೂ ನೋಡುತ್ತಿರಬಹುದು. ಅದಕ್ಕಾಗಿ ನಾವು ನಿಲ್ಲುತ್ತೇವೆ.”

ನಿಂತೆವು. ಖಾಲಿ ರಸ್ತೆಯ ಮುಂದೆ ಅಷ್ಟು ಹೊತ್ತು ನಾನು ಯಾವತ್ತೂ ನಿಂತವನಲ್ಲ. ನಿಂತು ನಿಂತು ಆಗಲಿಲ್ಲ. “ನಿನ್ನೆ ನೆನಪಿಲ್ಲ ಅಂದದ್ದು ಸುಳ್ಳು” ಎಂದು ಶುರುಮಾಡಿ ರಬ್ಬರಿನ ಕಥೆಯನ್ನೆಲ್ಲ ಹೇಳಿದೆ. ಪಂಡಿತರ ಕನ್ನಡ ಕೈಕೊಟ್ಟಿತು, ಶ್ರೀನಗರದ ಕನ್ನಡದಲ್ಲೇ ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ದೀಪ ಹಸಿರಾಗಿ ಮತ್ತೆ ಕೆಂಪಾಯಿತು. ನಾವು ದಾಟಲಿಲ್ಲ.

“ತಮ್ಮ ವಿಳಾಸವನ್ನು ನನಗೆ ಕೊಟ್ಟವರು ಆಕೆಯೇ” ಎಂದರು ಮಾರ್ಲೀನ್. “ವಿಶಾಲಾಕ್ಷಿಯವರು. ನಾನು ಮೊದಲು ಆಕೆಗೇ ಪತ್ರ ಬರೆದಿದ್ದೆ, ಪುಟಗಳ ಕ್ರಮದ ವಿಷಯ ಕೇಳಿ. ಉತ್ತರದಲ್ಲಿ ಎರಡೇ ಸಾಲು ಇತ್ತು. ‘ಚಿತ್ರಗಳು ನನ್ನವು. ಕ್ರಮದ ವಿಷಯವನ್ನು ರಾಮಚಂದ್ರ ಅವರನ್ನೇ ಕೇಳಿ, ಅವರಿಗೆ ಗೊತ್ತಿದೆ.’ ಕೆಳಗೆ ತಮ್ಮ ವಿಳಾಸ. ನಾನು ಅದನ್ನು ಆಕೆಯ ವಿನಯವೆಂದು ಭಾವಿಸಿದೆ.”

ನಾನು ಟೀಚರಮ್ಮನನ್ನು ಎಷ್ಟೋ ಸಲ ದೂರದಿಂದ ಕಂಡಿದ್ದೆ. ಕಂಡ ಕೂಡಲೇ ಬೇರೆ ಬೀದಿ ಹಿಡಿಯುತ್ತಿದ್ದೆ. ಒಂದು ಸಲ ಒಂದೇ ಬಸ್ಸಿನಲ್ಲಿ ಸಿಕ್ಕಿಬಿದ್ದು ಎರಡು ಸ್ಟಾಪ್ ಮುಂಚೆಯೇ ಇಳಿದಿದ್ದೆ. ಅವರಿಗೆ ನನ್ನ ಮನೆ ಗೊತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ರೈಲು ಹತ್ತುವ ಮೊದಲು ಮಾರ್ಲೀನ್ ಎದೆಗೆ ಅವುಚಿಕೊಂಡಿದ್ದ ಒಂದು ದೊಡ್ಡ ಲಕೋಟೆಯನ್ನು ನನ್ನ ಕೈಗಿಟ್ಟರು. ಹದಿನಾರು ಪುಟಗಳ ಪ್ರತಿಗಳು, ದಪ್ಪ ಕಾಗದದ ಮೇಲೆ, ಒಂದೊಂದೂ ಬಿಡಿ ಹಾಳೆ, ಒಂದೇ ಬದಿಗೆ ಅಚ್ಚಾಗಿದ್ದವು. “ಆಕೆಗೆ ತೋರಿಸಿ” ಎಂದರು. “ಮತ್ತು ಆಕೆ ಏನೆಂದರು ಎಂದು ಈ ಬಾರಿ ನೆನಪಿಟ್ಟುಕೊಳ್ಳಿ.”

ಚಿಕ್ಕಲಸಂದ್ರ

ಬಂದ ದಿನವೇ ಸುಶೀಲೆಗೆ ಎಲ್ಲ ಹೇಳಿದೆ. ಅವಳು ಕಾಲು ನೀವಿಕೊಳ್ಳುತ್ತಾ ಕೇಳಿದಳು. ಆಮೇಲೆ, “ಅಲ್ಲೀವರ್ಗೂ ಹೋದ್ರಲ್ಲ, ಇಲ್ಲಿಗ್ ಹೋಗೋಕೆ ಏನ್ ರೋಗ ನಿಮಗೆ?” ಎಂದಳು.

ಚಿಕ್ಕಲಸಂದ್ರದಲ್ಲಿ ಟೀಚರಮ್ಮನ ಮನೆ ಹುಡುಕಲು ಕಷ್ಟವಾಗಲಿಲ್ಲ. ಗೇಟಿನ ಹತ್ತಿರ ನಿಂತು ಒಳಗೆ ನೋಡಿದೆ. ವರಾಂಡದಲ್ಲಿ, ಕುಂಡಗಳ ಪಕ್ಕ, ಮೂರು ಕಾಲಿನ ಸ್ಟೂಲು ಇತ್ತು. ಅದೇ ಸ್ಟೂಲು. ಬಣ್ಣ ಹೋಗಿ ಮರ ಕಾಣುತ್ತಿತ್ತು.

ಬಾಗಿಲು ತೆರೆದವರು ಅವರೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಹೆಸರು ಹೇಳಲು ಹೊರಟೆ.

“ಗೊತ್ತು, ಒಳಗೆ ಬನ್ನಿ. ನಿಮ್ಮ ಗೇಟಿನ ಮೇಲಿನ ಹೆಸರಿನ ಬೋರ್ಡು ಬಸ್ಸಿಂದ ಕಾಣತ್ತೆ. ಇಪ್ಪತ್ತು ವರ್ಷ ಅದನ್ನ ಓದ್ಕೊಂಡೇ ಸ್ಕೂಲಿಗೆ ಹೋಗಿದೀನಿ. ಇವತ್ತು ಬೀದಿ ಬದಲಾಯಿಸಲಿಲ್ವಾ?”

ಕೂರಲು ಹೇಳಿದರು. ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ರಬ್ಬರು ಎಂದಾಗ ಅವರು ತಲೆಯಾಡಿಸಿದರು, ಗೊತ್ತು, ಮುಂದೆ ಹೇಳಿ ಎಂಬಂತೆ. ಕೊನೆಗೆ, “ಆ ಇನ್ನೆರಡು ಪುಸ್ತಕದ ಚಿತ್ರ ಇದ್ರೆ, ಯಾರಾದ್ರೂ ಈಗ...” ಎಂದೆ.

“ಇಲ್ಲ. ಆ ವಾರವೇ ಹರಿದು ಹಾಕ್ದೆ.”

“ಟೀಚರಮ್ಮ, ಕ್ಷಮಿಸಿ.”

“ಅದನ್ನ ಆಮೇಲೆ ನೋಡೋಣ. ಕೈಯಲ್ಲೇನು?”

ಲಕೋಟೆ ಕೊಟ್ಟೆ. ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿದರು. ಒಂದೊಂದನ್ನೂ ಹತ್ತಿರ ಹಿಡಿದು ನೋಡಿದರು, ಬೇರೆ ಯಾರೋ ಬರೆದ ಚಿತ್ರಗಳೇನೋ ಎಂಬ ಹಾಗೆ. ನಾನು ಚೀಲದಿಂದ ಸೂಜಿ, ದಾರ, ದಬ್ಬಳ ತೆಗೆದೆ. “ಸರಿಯಾದ ಕ್ರಮದಲ್ಲಿ ಒಂದು ಪ್ರತಿ ಹೊಲಿದು ಕೊಡ್ತೀನಿ ಅಂತ ತಂದೆ. ನೀವೇ ನಂಬರ್ ಹಾಕ್ಬೇಕು” ಎಂದು ಪೆನ್ಸಿಲು ಚಾಚಿದೆ.

ಅವರು ಪೆನ್ಸಿಲು ತೆಗೆದುಕೊಂಡು ಅದರ ಹಿಂಬದಿಯನ್ನು ನೋಡಿದರು. “ರಬ್ಬರ್ ಇಲ್ಲ ತಾನೇ?”

“ಇಲ್ಲ.”

“ಚೀಲದಲ್ಲಿ?”

“ಇಲ್ಲ ಟೀಚರಮ್ಮ.”

ಹಾಳೆಗಳನ್ನು ಮಗುಚಿ, ಬೆನ್ನಿನ ಮೇಲೆ ಒಂದು, ಎರಡು, ಮೂರು ಎಂದು ಹಾಕುತ್ತಾ ಹೋದರು. ಬ್ಯಾಗು ಹಿಡಿದು ಕೂತ ತಾತನ ಹಾಳೆ ಬಂದಾಗ ಕೈ ನಿಂತಿತು. ನಾನು ತಡೆಯಲಾಗದೆ ಹೇಳಿದೆ: “ಅಲ್ಲಿಯವರಿಗೆಲ್ಲ ಹನ್ನೆರಡರಲ್ಲಿ ತಾತ ವಾಪಸ್ ಬಂದಿದ್ದೇ ಇಷ್ಟ ಆಗಿತ್ತು. ಅದರ ಮೇಲೆ ಏನೇನೋ ಬರೆದಿದಾರೆ.”

“ಆ ಪುಸ್ತಕ ಬರೆಯೋ ಹಿಂದಿನ ವರ್ಷ ನಮ್ಮಪ್ಪ ಹೋದ್ರು” ಎಂದರು, ಚಿತ್ರವನ್ನೇ ನೋಡುತ್ತಾ. “ಹತ್ತು ವರ್ಷ ಆ ಸ್ಟೂಲ್ ಮೇಲೆ ನನಗೋಸ್ಕರ ಕಾದವರು. ಪುಸ್ತಕ ಕೈಗೆ ಬಂದಾಗ ಹನ್ನೆರಡನೇ ಪುಟ ತಿರುಗಿಸಿದ್ರೆ, ಅಪ್ಪ ಕೂತಿದಾರೆ. ಒಂದು ಗಳಿಗೆ ನಾನೂ ನಂಬಿಬಿಟ್ಟೆ ಗೊತ್ತಾ. ಆಮೇಲೆ ಮುಂದಿನ ಪುಟ ತಿರುಗಿಸಿದೆ.”

ನಾನು ದಾರದ ಸುರುಳಿ ಬಿಚ್ಚಿದೆ.

“ವಾಪಸ್ ಬರಲಿಲ್ಲ, ರಾಮಚಂದ್ರ ಅವರೇ. ಅಲ್ಲಿಯವರಿಗೆ ಅದನ್ನೂ ಬರೀರಿ.”

ತಾತನ ಬೆನ್ನಿಗೆ ಐದು ಎಂದು ಬರೆದರು. ಖಾಲಿ ಸ್ಟೂಲಿನ ಬೆನ್ನಿಗೆ ಹನ್ನೆರಡು. ಎರಡರ ಬಾಲ ಮೊದಲಿನ ಹಾಗೇ ಮೇಲಕ್ಕೆ ಬಾಗಿತ್ತು.

“ಈಗ ಹೊಲೀರಿ.”

ಹಾಳೆಗಳನ್ನು ತಟ್ಟಿ ಜೋಡಿಸಿ ದಬ್ಬಳದಿಂದ ಮೂರು ತೂತು ಮಾಡಿದೆ. ಸೂಜಿಗೆ ದಾರ ಪೋಣಿಸಲು ಹೋದೆ. ಎರಡು ಸಲ ತಪ್ಪಿತು. ಅವರು ಸೂಜಿ ಕಿತ್ತುಕೊಂಡು, ದಾರದ ತುದಿ ನೆನೆಸಿ, ಒಂದೇ ಸಲಕ್ಕೆ ಪೋಣಿಸಿ ಕೊಟ್ಟರು. ನಾನು ಹೊಲಿಯುತ್ತಿದ್ದಾಗ ಹಾಳೆಗಳು ಜಾರದಂತೆ ಎರಡು ಅಂಗೈಗಳಿಂದ ಒತ್ತಿ ಹಿಡಿದಿದ್ದರು. ಗಂಟು ಹಾಕುವ ಮೊದಲು, “ಒಂದ್ಸಲ ಎಣಿಸಿ” ಎಂದರು.

ಜೀವನದಲ್ಲಿ ಮೊದಲ ಬಾರಿಗೆ, ಹದಿನೇಳರ ಲೆಕ್ಕ ಬಿಟ್ಟು, ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ಪುಟ ತಿರುಗಿಸಿ ಎಣಿಸಿದೆ. ಐದರಲ್ಲಿ ಅವರಿದ್ದರು. ಹತ್ತರಲ್ಲಿ ಚಪ್ಪಲಿಗಳಿದ್ದವು. ಹನ್ನೆರಡಕ್ಕೆ ಬಂದಾಗ ಸ್ಟೂಲು ಖಾಲಿ ಇತ್ತು.